ಹೆಪ್ಸ್, ಒಂದು

ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ,
ಹೆಜಮಾಡಿ, ಮುಲ್ಕಿ, ಹಳೆಯಂಗಡಿ, ಸುರತ್ಕಲ್.
ಇಪ್ಪತ್ತೆರಡು ವರ್ಷ ಕೂಗಿದ್ದೇನೆ,
ನಿದ್ದೆಯಲ್ಲೂ ತಪ್ಪುವುದಿಲ್ಲ, ಯಶೋದಾ ಸಾಕ್ಷಿ.
ಈ ಮೇ ತಿಂಗಳಲ್ಲಿ ಹೊಸ ಸ್ಟಾಪುಗಳು ಬಂದವು:
ಪಿಸಿಎಂಬಿ, ಪಿಸಿಎಂಸಿ, ಸೆಬಾ, ಹೆಬಾ.
ಎಲ್ಲಿ ಹತ್ತುವುದು, ಎಲ್ಲಿ ಇಳಿಯುವುದು,
ದಾರಿಯಲ್ಲಿ ಚಾ ಕುಡಿಯಲು ಬಿಡುತ್ತಾರೋ ಇಲ್ಲವೋ,
ಒಂದೂ ಗೊತ್ತಿರಲಿಲ್ಲ.

ಮಗಳಿಗೆ ಐನೂರ ನಲ್ವತ್ತೊಂದು.
ಬಸ್ಸಿನಲ್ಲಿ ಹೇಳಿದ್ದೇ ತಪ್ಪಾಯಿತು.
ಮುಲ್ಕಿಯಲ್ಲಿ ಹತ್ತುವ ಜೂಡಿತ್ ಟೀಚರ್
ಸಯನ್ಸ್ ಬಿಟ್ಟು ಬೇರೆ ಮಾತೇ ಇಲ್ಲ ಎಂದರು.
ಸೊಸೈಟಿಯ ರಾಘು ಅಮೀನರು,
"ಕಾಮರ್ಸ್ ಮಾರಾಯ, ಸಿಎ ಮಾಡಿಸು,
ನನ್ನ ಅಳಿಯನನ್ನು ನೋಡು."
ಅಳಿಯನನ್ನು ನೋಡಿದ್ದೇನೆ,
ಮುಗಿದ ಪಾಸನ್ನು ಮೂರು ತಿಂಗಳು ತೋರಿಸಿದವನು.
ಉಚ್ಚಿಲದ ಹಸನಬ್ಬ ಮಾತ್ರ ಕೇಳಿದ,
"ಹುಡುಗಿ ಎಂತ ಹೇಳ್ತಾಳೆ?"
ಅಷ್ಟರಲ್ಲಿ ಹೆಜಮಾಡಿಯ ಟೋಲ್ ಬಂತು,
ಉತ್ತರ ಬಾಕಿ ಉಳಿಯಿತು.

ರಾತ್ರಿ ಚೀಲ ಕಳಚಿ ಲೆಕ್ಕ ಕೂಡಿಸುವಾಗ
ಬಾಕಿ ನೆನಪಾಗಿ ಕೇಳಿದೆ.
ಸಾನಿಧ್ಯ ರಫ್ ಪುಸ್ತಕ ತಂದಳು.
ಹಿಂದಿನ ಪುಟಗಳ ತುಂಬ ಅಕ್ಷರದಂಥ ಗೀಟುಗಳು.
ಮಟ್ಟು ಹೊಳೆಯ ಬದಿ ಬಟ್ಟೆ ಒಗೆಯುವ ಕಲ್ಲಿನಲ್ಲಿ
ಸವೆದು ಉಳಿದದ್ದಂತೆ.
ಆ ಕಲ್ಲಿನ ಮೇಲೆ ನನ್ನ ಅಮ್ಮ
ಮೂವತ್ತು ವರ್ಷ ಬಟ್ಟೆ ಬಡಿದರು,
ನಾನು ಬೂದಿ ಹಾಕಿ ಮುಗುಡು ತಿಕ್ಕಿದ್ದೇನೆ,
ಅದು ಓದುವ ಕಲ್ಲೆಂದು ಯಾರಿಗೂ ಹೊಳೆದಿರಲಿಲ್ಲ.
"ಇದನ್ನು ಓದಲು ಕಲಿಸುವ ಕಡೆ ಸೇರಿಸಿ ಅಪ್ಪ."
"ಓದಿದರೆ ಸಂಬಳ ಎಷ್ಟು?" ಎಂದೆ.
ಕೇಳಬಾರದಿತ್ತು.
ನಾನು ಕೇಳದೆ ಇನ್ನು ಯಾರು ಕೇಳಬೇಕು?
ಗೊತ್ತಿಲ್ಲ ಎಂದಳು. ಸುಳ್ಳು ಹೇಳಲಿಲ್ಲ, ಅದೊಂದು ಸಮಾಧಾನ.
ಯಶೋದಾ ಗೇರುಬೀಜದ ಸೊನೆಗೆ ಕಪ್ಪಾದ ಬೆರಳುಗಳನ್ನು
ಬೆನ್ನ ಹಿಂದೆ ಇಟ್ಟುಕೊಂಡು ಪುಟದ ಮೇಲೆ ಬಗ್ಗಿ,
"ಚಂದ ಉಂಟು" ಎಂದಳು.

ಒಂದು ದಿನದ ಸಂಬಳ ಬಿಟ್ಟು ಕಾಲೇಜಿಗೆ ಹೋದೆವು.
ಕಿಟಕಿಯಾಚೆಯ ಕ್ಲರ್ಕು "ಎಲ್ಲಿಗೆ" ಎಂಬ ಧಾಟಿಯಲ್ಲೇ
"ಯಾವುದು?" ಎಂದು ನನ್ನ ಮುಖ ನೋಡಿದರು.
ದಿನಕ್ಕೆ ಐನೂರು ಜನರಿಗೆ ನಾನು ಹಾಕುವ ಪ್ರಶ್ನೆ.
ನಾನು ಬಾಯಿ ತೆರೆಯುವ ಮೊದಲೇ ಇವಳು ಬಗ್ಗಿ
"ಹೆಪ್ಸ್, ಒಂದು" ಎಂದಳು,
ಎಷ್ಟಾದರೂ ಕಂಡಕ್ಟರನ ಮಗಳು.
"ಆರ್ಟ್ಸಾ? ಈ ಮಾರ್ಕಿಗೆ?"
ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.
ಚಿಲ್ಲರೆ ಎಣಿಸುವವನ ಹಾಗೆ ತಲೆ ತಗ್ಗಿಸಿ
"ಹಾಗೇ ಬರೆಯಿರಿ" ಎಂದೆ.
ಸೀಟಿ ಊದಿ ಗಟ್ಟಿಯಾದ ಬಾಯಿ,
ಆದರೂ ಸ್ವರ ಸ್ವಲ್ಪ ನಡುಗಿತು.

ಬದಲಾಯಿಸುವುದಿದ್ದರೆ ಹದಿನೈದು ದಿನ ಉಂಟಂತೆ.
ತಾರೀಕನ್ನು ಟಿಕೆಟ್ ಪುಸ್ತಕದ ಬೆನ್ನಿಗೆ ಬರೆದುಕೊಂಡೆ.
ಅವಳಿಗೂ ಹೇಳಿದೆ. "ಗೊತ್ತು ಅಪ್ಪ."
ಜೂಡಿತ್ ಟೀಚರ್ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಬೆನ್ನು ಕಿತ್ತ ಹಳೆಗನ್ನಡದ ನಿಘಂಟೊಂದನ್ನು
"ಕೊಡು ಅವಳಿಗೆ" ಎಂದು ನನ್ನ ಕಂಕುಳಿಗೆ ತುರುಕಿ,
ಬರಬೇಕಾದ ಎರಡು ರೂಪಾಯಿ ಕೇಳಿ ತೆಗೆದುಕೊಂಡರು.

ಈಗ ಏಳೂ ನಲ್ವತ್ತಕ್ಕೆ ನನ್ನ ಬಸ್ಸೇ ಹತ್ತುತ್ತಾಳೆ,
ಪಾಸು ತೋರಿಸುತ್ತಾಳೆ, ನೋಡುತ್ತೇನೆ.
ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ ಮಾರಾಯ್ರೆ ಎಂದು
ಎಲ್ಲರಿಗೂ ಹೇಳುವವನು ನಾನು,
ಬಾಗಿಲಲ್ಲೇ ನಿಲ್ಲುವವನೂ ನಾನು.
ಎರಡೂ ಕಾಲು ನೆಲ ಮುಟ್ಟಿದ್ದು ನೋಡಿ ಆಮೇಲೆ ಸೀಟಿ.
ಮಗಳಿಗೆಂದಲ್ಲ, ಯಾರಿಗಾದರೂ ಅಷ್ಟೇ.
ನಿನ್ನೆ ಪಡುಬಿದ್ರಿಯಲ್ಲಿ ಡ್ರೈವರ್ ಸಂಜೀವ
ಹಿಂದಿನ ಬಸ್ಸು ಬಂತೆಂದು ಹಾರ್ನ್ ಹೊಡೆದ.
ಅವಳಾಗಲೇ ರಸ್ತೆ ದಾಟಿದ್ದಳು.
ಜಿಪ್ ಹೋದ ಚೀಲವನ್ನು ಕೈಯಲ್ಲಿ ಅಮುಕಿ ಹಿಡಿದು
"ಪೋಯಿ" ಎಂದೆ.